ಕಾಕ್‌ಟೇಲ್‌ಗೆ ಮೊದಲು ಬೇಕಾದದ್ದು ಅಳತೆ

ಮಾನ್ಯ ಸಂಪಾದಕರೇ,

ಮನೆಯಲ್ಲೇ ಕಾಕ್‌ಟೇಲ್ ತಯಾರಿಸುವ ಕುರಿತು ತಮ್ಮ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಸಲಕರಣೆಗಳ ಪರಿಚಯ ಚೆನ್ನಾಗಿತ್ತು. ಆದರೆ ‘ಸ್ವಲ್ಪ ನಿಂಬೆರಸ’, ‘ರುಚಿಗೆ ತಕ್ಕಷ್ಟು ಸಿರಪ್’ ಎಂದಷ್ಟೇ ಬರೆದು, ಮದ್ಯ, ರಸಗಳನ್ನು ಅಳೆಯುವ ಪುಟ್ಟ ಬಟ್ಟಲಾದ ಜಿಗ್ಗರನ್ನು ಪಟ್ಟಿಯ ಕೊನೆಗೆ, ಇದ್ದರೆ ಒಳ್ಳೆಯದು ಎಂಬ ಧಾಟಿಯಲ್ಲಿ ಹೆಸರಿಸಿದ್ದು ಸರಿಯೆನಿಸಲಿಲ್ಲ. ಪಾನೀಯ ಕುಲುಕುವ ಶೇಕರ್‌ಗೆ ಬಿಗಿ ಮುಚ್ಚಳದ ಗಾಜಿನ ಜಾಡಿ, ಸ್ಟ್ರೇನರ್‌ಗೆ ಟೀ ಸೋಸುವ ಜಾಲರಿ, ಹಣ್ಣು, ಸೊಪ್ಪು ಜಜ್ಜುವ ಮಡ್ಲರ್‌ಗೆ ಲಟ್ಟಣಿಗೆಯ ತುದಿ, ಹೀಗೆ ಮಿಕ್ಕೆಲ್ಲದಕ್ಕೂ ಅಡುಗೆಮನೆಯಲ್ಲೇ ಬದಲಿ ಸಿಗುತ್ತದೆ. ಕಣ್ಣಂದಾಜು ಮಾತ್ರ ಅಳತೆಗೆ ಬದಲಿಯಾಗಲಾರದು.

ಡೈಕಿರಿ ಎಂಬ ಕಾಕ್‌ಟೇಲನ್ನೇ ನೋಡಿ. 60 ಮಿ.ಲೀ. ರಮ್, 20 ಮಿ.ಲೀ. ನಿಂಬೆರಸ ಮತ್ತು ಆ ಹುಳಿಗೆ ಹೊಂದುವಷ್ಟು ಸಕ್ಕರೆ, ಇಷ್ಟೇ ಅದರ ಸಾಮಗ್ರಿ. ಇಲ್ಲಿ ರಸ 10 ಮಿ.ಲೀ. ಹೆಚ್ಚಾದರೆ ಹುಳಿ ಒಂದೂವರೆ ಪಟ್ಟಾಗುತ್ತದೆ. ‘ಒಂದು ನಿಂಬೆಹಣ್ಣು’ ಎಂಬುದೂ ಅಳತೆಯಲ್ಲ, ಏಕೆಂದರೆ ಹಣ್ಣಿನಿಂದ ಹಣ್ಣಿಗೆ ರಸ ಬದಲಾಗುತ್ತದೆ. ಸಿರಪ್‌ನದೂ ಇದೇ ಕಥೆ: ಸಕ್ಕರೆ, ನೀರು ಸಮಪಾಲಾಗಿರುವ ಸಿರಪ್ ಬೇರೆ, ನೀರಿನ ಎರಡರಷ್ಟು ಸಕ್ಕರೆ ಹಾಕಿದ ಗಟ್ಟಿ ಸಿರಪ್ ಬೇರೆ. ಯಾವುದೆಂದು ಹೇಳದ ಪಾಕವಿಧಾನ ಅರ್ಧ ಪಾಕವಿಧಾನ. ಜಿನ್, ಕಂಪಾರಿ ಎಂಬ ಕಹಿ ಮದ್ಯ, ಮೂಲಿಕೆ ಬೆರೆಸಿದ ವೈನ್ ಆದ ಸಿಹಿ ವರ್ಮೂತ್, ಇವನ್ನು ಸಮನಾಗಿ ಬೆರೆಸುವ ನೆಗ್ರೋನಿ ಕಾಕ್‌ಟೇಲ್‌ನಲ್ಲಿ ಮಾತ್ರ ಯಾವ ಬಟ್ಟಲಿನಿಂದ ಅಳೆದರೂ ರುಚಿ ಕೆಡುವುದಿಲ್ಲವೆಂದು ಒಪ್ಪುತ್ತೇನೆ.

ಜಿಗ್ಗರ್ ಕೈಯಲ್ಲಿದ್ದ ಮಾತ್ರಕ್ಕೆ ಅಳತೆ ಸರಿಯಾಗುತ್ತದೆಂದೂ ಅಲ್ಲ. ಸಾಮಾನ್ಯವಾಗಿ ಅದು ಬೆನ್ನಿಗೆ ಬೆನ್ನು ಹೊಂದಿಸಿದ ಎರಡು ಬಟ್ಟಲುಗಳ ರೂಪದಲ್ಲಿದ್ದು, ಒಂದು ಕಡೆ 30, ಇನ್ನೊಂದು ಕಡೆ 45 ಅಥವಾ 60 ಮಿ.ಲೀ. ಹಿಡಿಯುತ್ತದೆ. ಬಟ್ಟಲು ತಳದಲ್ಲಿ ಕಿರಿದಾಗಿ, ಬಾಯಲ್ಲಿ ಅಗಲವಾಗಿರುವುದರಿಂದ ಮದ್ಯದ ಬಹುಪಾಲು ಮೇಲ್ಭಾಗದಲ್ಲೇ ನಿಲ್ಲುತ್ತದೆ. ಪೂರ್ಣ ಶಂಕುವಿನಾಕಾರದ ಪಾತ್ರೆಯಾದರೆ ಅರ್ಧ ಎತ್ತರಕ್ಕೆ ತುಂಬಿದಾಗ ಸಿಗುವುದು ಎಂಟನೇ ಒಂದು ಪಾಲು ಮಾತ್ರ. ಎತ್ತರದ ಹತ್ತನೇ ಒಂದು ಭಾಗದಷ್ಟು ಅಂಚಿಗಿಂತ ಕೆಳಗೆ ನಿಲ್ಲಿಸಿದರೂ ಕಾಲು ಪಾಲಿಗೂ ಮೀರಿ ಕೊರತೆಯಾಗುತ್ತದೆ. ಜಿಗ್ಗರ್ ಪೂರ್ಣ ಶಂಕುವಲ್ಲದ ಕಾರಣ ವ್ಯತ್ಯಾಸ ಇಷ್ಟಿರಲಾರದು, ಆದರೂ ‘ಸುಮಾರು ಅರ್ಧ’ ಎಂದು ಸುರಿದದ್ದು ಅರ್ಧವಾಗಿರುವುದಿಲ್ಲ. ಆದ್ದರಿಂದ ಒಳಗೋಡೆಯಲ್ಲಿ 15 ಮತ್ತು 22.5 ಮಿ.ಲೀ. ಗೆರೆಗಳಿರುವುದನ್ನೇ ಆರಿಸಿಕೊಂಡು, ಅದನ್ನು ಸಮತಟ್ಟಾಗಿ ಹಿಡಿದು, ಗೆರೆಯವರೆಗೆ ಅಥವಾ ಅಂಚಿನವರೆಗೆ ತುಂಬಬೇಕು. ಹೊಸ ಜಿಗ್ಗರನ್ನು ಪರೀಕ್ಷಿಸುವುದೂ ಸುಲಭ: ಅಡುಗೆಮನೆಯ ತಕ್ಕಡಿಯಲ್ಲಿ 30 ಮಿ.ಲೀ. ನೀರು 30 ಗ್ರಾಂ ತೂಗಬೇಕು. ಮದ್ಯವನ್ನಾಗಲಿ ಸಿರಪ್ಪನ್ನಾಗಲಿ ಹೀಗೆ ತೂಗಿ ಮಿ.ಲೀ. ಎಂದು ಎಣಿಸಬಾರದು, ರಮ್, ಜಿನ್‌ನಂಥ ಮದ್ಯ ನೀರಿಗಿಂತ ಹಗುರ, ಸಿರಪ್ ನೀರಿಗಿಂತ ಭಾರ.

ಔನ್ಸ್ ಇನ್ನೊಂದು ತೊಡಕು. ಅಮೆರಿಕದ ದ್ರವ ಔನ್ಸ್ 29.57 ಮಿ.ಲೀ., ಬ್ರಿಟನ್ನಿನದು 28.41 ಮಿ.ಲೀ. ಮನೆಯ ಮಟ್ಟಿಗೆ 30 ಎಂದು ಹಿಡಿದು, ಒಂದು ಪಾನೀಯದ ಎಲ್ಲ ಸಾಮಗ್ರಿಗಳನ್ನೂ ಅದೇ ಲೆಕ್ಕದಲ್ಲಿ ಅಳೆದರೆ ಸಾಕು.

ಶೇಕರ್ ಬಗ್ಗೆ ಎರಡು ಮಾತು. ಹಣ್ಣಿನ ರಸ, ಕೆನೆ ಅಥವಾ ಮೊಟ್ಟೆಯ ಬಿಳಿ ಇರುವುದನ್ನು ಕುಲುಕಬೇಕು. ಬರೀ ಮದ್ಯಗಳ ಮಿಶ್ರಣವನ್ನು ಉದ್ದ ಚಮಚದಿಂದ ಕಲಕಿದರೆ ಸಾಕು. ಸೋಡಾವನ್ನು ಎಂದೂ ಒಳಗೆ ಹಾಕಿ ಕುಲುಕಬಾರದು, ಅನಿಲದ ಒತ್ತಡಕ್ಕೆ ಮುಚ್ಚಳ ಹಾರುತ್ತದೆ. ಮಂಜುಗಡ್ಡೆಯಿಂದ ಕರಗಿ ಸೇರುವ ನೀರು ಪಾನೀಯದ ಕಾಲು ಪಾಲಿನಷ್ಟಾಗಬಹುದು. ಅದೂ ಅಳತೆಯ ಭಾಗವೇ ಆದ್ದರಿಂದ ಬೇಗ ಕರಗುವ ಪುಡಿ ಮಂಜಿಗಿಂತ ದೊಡ್ಡ ತುಂಡುಗಳು ಮೇಲು. ಲೇಖನದ ಚಿತ್ರದಲ್ಲಿದ್ದ ತಾಮ್ರದ ಲೋಟಗಳು ನೋಡಲು ಚಂದವೇನೋ ಹೌದು, ಆದರೆ ಒಳಗೆ ತವರ ಅಥವಾ ಸ್ಟೀಲಿನ ಲೇಪವಿಲ್ಲದಿದ್ದರೆ ನಿಂಬೆಯ ಹುಳಿಗೆ ತಾಮ್ರ ಬಿಟ್ಟುಕೊಳ್ಳುತ್ತದೆ ಎಂಬ ಎಚ್ಚರಿಕೆಯ ಒಂದು ಸಾಲು ಅಲ್ಲಿರಬೇಕಿತ್ತು.

ರುಚಿಯ ಮಾತು ಹಾಗಿರಲಿ. ಶೇಕಡಾ 40ರ ಮದ್ಯ 30 ಮಿ.ಲೀ. ಎಂದರೆ ಅದರಲ್ಲಿ 12 ಮಿ.ಲೀ., ಅಂದರೆ ಸುಮಾರು 9.5 ಗ್ರಾಂ ಶುದ್ಧ ಆಲ್ಕೋಹಾಲ್ ಇರುತ್ತದೆ, 60 ಮಿ.ಲೀ. ಆದರೆ 19 ಗ್ರಾಂ. ಸಿಹಿಯೂ ಹುಳಿಯೂ ಮದ್ಯದ ಕಟುವನ್ನು ಮರೆಮಾಚುವ ಕಾಕ್‌ಟೇಲ್‌ನಲ್ಲಿ ಕುಡಿದದ್ದೆಷ್ಟು ಎಂದು ನಾಲಗೆ ಹೇಳುವುದಿಲ್ಲ. ಬಾಟಲಿಯಿಂದ ನೇರವಾಗಿ ಲೋಟಕ್ಕೆ ಸುರಿದುಕೊಡುವ ಮನೆಯಲ್ಲಿ ಅತಿಥಿಗೂ ಅದು ತಿಳಿಯದು, ಸುರಿದವನಿಗೂ ತಿಳಿಯದು.

ಆದ್ದರಿಂದ ಮುಂದೆ ಇಂಥ ಪಾಕವಿಧಾನಗಳನ್ನು ಪ್ರಕಟಿಸುವಾಗ ಎಲ್ಲ ಅಳತೆಗಳನ್ನೂ ಮಿ.ಲೀ.ನಲ್ಲಿ ಕೊಟ್ಟು, ಸಿರಪ್‌ನಲ್ಲಿ ಸಕ್ಕರೆ, ನೀರಿನ ಪ್ರಮಾಣವನ್ನು ಸ್ಪಷ್ಟಪಡಿಸಿ, ಒಂದು ಲೋಟದಲ್ಲಿ ಎಷ್ಟು ಗ್ರಾಂ ಆಲ್ಕೋಹಾಲ್ ಇದೆಯೆಂಬುದನ್ನೂ ಕೆಳಗೆ ನಮೂದಿಸಬೇಕೆಂದು ಕೋರುತ್ತೇನೆ.

ಇತಿ,
ತಮ್ಮ ಓದುಗ