ವಿಷಯ: ಕಲೆಕ್ಷನ್ (ಭಾರವನ್ನು ಹಿಂಗಾಲಿಗೆ ತಂದು ಹಗುರಾಗಿ ನಡೆಯುವುದು) ಕಲಿಸ್ತೀವಿ ಅಂತ ನನ್ನ ಕುದುರೆಯ ಕತ್ತು ಬಿಗಿದು ಕಟ್ಟಿದ್ದರ ಬಗ್ಗೆ

ರೈಡಿಂಗ್ ಸ್ಕೂಲ್ ಮ್ಯಾನೇಜರ್ ಅವರಿಗೆ,

ಫೋನ್ ಮಾಡಿ ಮಾಡಿ ಸಾಕಾಗಿದೆ. ‘ಸರ್ ಅರೀನಾದಲ್ಲಿದ್ದಾರೆ’ ಅನ್ನುತ್ತೀರಿ. ಆ ಸರ್ ಅಲ್ಲಿಂದ ಇನ್ನೂ ಹೊರಗೆ ಬಂದ ಹಾಗಿಲ್ಲ. ಅದಕ್ಕೇ ಈ ಪತ್ರ.

ಡ್ರೆಸಾಜ್ (ಕುದುರೆಗೆ ಹದವಾದ ನಡೆ ಕಲಿಸುವ ಸವಾರಿ ಕ್ರೀಡೆ) ಪ್ಯಾಕೇಜಿನ ಕಾಗದದಲ್ಲಿ ‘ಎಫ್‌ಇಐ ಪದ್ಧತಿ’ ಎಂದು, ಅಂದರೆ ಕುದುರೆ ಸವಾರಿಯ ಅಂತರರಾಷ್ಟ್ರೀಯ ಒಕ್ಕೂಟದ ಪದ್ಧತಿ ಎಂದು ಬರೆದವರು ನೀವೇ. ಅಂದಮೇಲೆ ನಿಯಮ ನಿಮಗೆ ಬಾಯಿಪಾಠ ಇರಬೇಕು. ಕುದುರೆಯ ನೆತ್ತಿ ಎಲ್ಲಕ್ಕಿಂತ ಎತ್ತರದಲ್ಲಿ, ಮುಖ ಲಂಬಕ್ಕಿಂತ ಚೂರು ಮುಂದೆ. ಬಲವಂತವಾಗಿ ಕತ್ತು ಮಡಚುವ ರೋಲ್‌ಕುರ್ ಒಪ್ಪುವಂಥದ್ದಲ್ಲ ಎಂದು ಎಫ್‌ಇಐ 2010ರಲ್ಲೇ ಹೇಳಿದೆ. ಲಯ, ಸಡಿಲತೆ, ಲಗಾಮಿನ ಸಂಪರ್ಕ, ಹಿಂದಿನಿಂದ ಬರುವ ಒತ್ತು, ನೇರ ನಡೆ, ಇವೆಲ್ಲ ಆದಮೇಲೆ ಕೊನೆಗೆ ಕಲೆಕ್ಷನ್. ವರ್ಷಗಟ್ಟಲೆ ಕೆಲಸ ಅದು. ನೀವು ಮೂರೇ ತಿಂಗಳಿಗೆ ಮಾರುತ್ತಿದ್ದೀರಿ, ಭೇಷ್.

ಆ ಭಾನುವಾರ ನಾನು ಬಂದಾಗ ಕುದುರೆಗೆ ಡ್ರಾ ರೀನ್ (ತಲೆಯನ್ನು ಕೆಳಕ್ಕೆಳೆದು ಹಿಡಿಯುವ ಹೆಚ್ಚುವರಿ ಲಗಾಮು) ಹಾಕಿ, ಗದ್ದ ಎದೆಗೆ ತಾಗುವಷ್ಟು ಎಳೆದಿದ್ದರು. ‘ಹಿಂಗಾಲು ಹಿಂದೇ ಉಳೀತಿದೆ, ಬೆನ್ನು ಕುಸಿದಿದೆ ಅಲ್ವಾ?’ ಎಂದು ಮೆತ್ತಗೇ ಕೇಳಿದೆ. ‘ಮೇಡಂ, ಕತ್ತು ಬಿಲ್ಲಿನ ಥರ ಬಂದಿದೆ, ಸುಮ್ನೆ ಫೋಟೋ ತಗೊಳ್ಳಿ’ ಅಂದರು ನಿಮ್ಮ ಟ್ರೈನರ್. ಹಿಂಗಾಲು ಹೊಟ್ಟೆ ಕೆಳಗೆ ಬಂದು ಭಾರ ಹೊರಬೇಕು, ಕೀಲುಗಳು ಮಡಚಿ ಹಿಂಭಾಗ ತಗ್ಗಬೇಕು, ಆಗ ಮುಂಭಾಗ ತಾನಾಗಿ ಹಗುರಾಗುತ್ತೆ ಎಂದೆ. ಅವರು ಟೀ ಕುಡಿಯುತ್ತಿದ್ದ ಪೋಷಕರ ಕಡೆ ತಿರುಗಿ, ‘ಮೇಡಂ ಯೂಟ್ಯೂಬ್ ಯೂನಿವರ್ಸಿಟಿ’ ಅಂದರು. ಎಲ್ಲರೂ ನಕ್ಕರು, ಪೋನಿ ಹಿಡಿದು ನಿಂತಿದ್ದ ಹುಡುಗನೂ ನಕ್ಕ. ಹೋಗಲಿ, ಎರಡು ಹೆಜ್ಜೆ ಲಗಾಮು ಮುಂದಕ್ಕೆ ಬಿಟ್ಟು ತೋರಿಸಿ ಎಂದೆ. ‘ಬಿಟ್ರೆ ಓಡಿಹೋಗುತ್ತೆ ಮೇಡಂ, ಸ್ಕೂಟಿ ಅಲ್ಲ ಇದು.’ ಆಮೇಲೆ ಹೆಲ್ಮೆಟ್ ನನ್ನ ಕೈಗಿಟ್ಟು ‘ನೀವೇ ಹತ್ತಿ’ ಅಂದರು. ನಾನು ಬಕಲ್ ಹಾಕುವಷ್ಟರಲ್ಲಿ ‘ಬೇಡ ಬಿಡಿ, ಬಿದ್ರೆ ನಮಗೆ ತಲೆನೋವು’ ಎಂದು ಕಿತ್ತುಕೊಂಡರು.

ಲಗಾಮು ಬಿಟ್ಟರೆ ಓಡಿಹೋಗುವ ಕುದುರೆಯಲ್ಲಿ ಕಲೆಕ್ಷನ್ ಎಲ್ಲಿದೆ ಸ್ವಾಮಿ? ನಿಜವಾದದ್ದಾಗಿದ್ದರೆ ಲಗಾಮು ಸಡಿಲಿಸಿದರೂ ಅದೇ ಲಯ, ಅದೇ ಸಮತೋಲ ಉಳಿಯುತ್ತಿತ್ತು, ಯಾಕೆಂದರೆ ಆ ಶಕ್ತಿ ಇರುವುದು ಹಿಂಗಾಲಲ್ಲಿ, ನಿಮ್ಮ ಟ್ರೈನರ್ ತೋಳಲ್ಲಲ್ಲ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಡ್ರೆಸಾಜ್ ಚಿನ್ನ ಗೆದ್ದ ಭಾರತ ತಂಡದ ಫೋಟೋ ರಿಸೆಪ್ಷನ್‌ನಲ್ಲಿ ಹಾಕಿದ್ದೀರಿ. ಆ ತಂಡಕ್ಕೂ ನಿಮಗೂ ಇರುವ ಸಂಬಂಧ ಆ ಮೊಳೆ ಒಂದೇ.

ಈಗ ಕುದುರೆಯ ಬಾಯಿ ಎರಡೂ ಕಡೆ ಹುಣ್ಣಾಗಿದೆ. ಬಿಟ್ (ಬಾಯಿಗೆ ಹಾಕುವ ಕಡಿವಾಣ) ತೋರಿಸಿದರೆ ತಲೆ ಎತ್ತಿ ಹಿಂದೆ ಸರಿಯುತ್ತೆ. ವೆಟ್ ಬರೆದುಕೊಟ್ಟ ರಿಪೋರ್ಟ್ ಜೊತೆಗಿದೆ.

ಕಟ್ಟಿದ ಫೀಸು ಪೂರ್ತಿ ವಾಪಸ್ ಬೇಕು ಎಂದು ಮೊದಲು ಅಂದುಕೊಂಡಿದ್ದೆ. ಈಗ ಅದಷ್ಟೇ ಸಾಲದು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಕೇಸ್ ಹಾಕುತ್ತೇನೆ, ಫೋಟೋಗಳನ್ನು ಈಕ್ವೆಸ್ಟ್ರಿಯನ್ ಫೆಡರೇಶನ್‌ಗೂ ಕಳಿಸುತ್ತೇನೆ. ಫೋಟೋ ತಗೊಳ್ಳಿ ಅಂತ ನಿಮ್ಮ ಟ್ರೈನರೇ ಅಂದಿದ್ದರಲ್ಲ, ಜಾಸ್ತೀನೇ ತಗೊಂಡಿದ್ದೇನೆ. ನಿಮ್ಮ ಮುಂದಿನ ಓಪನ್ ಡೇಗೂ ಬರುತ್ತೇನೆ, ಅದೇ ಪೋಷಕರ ಎದುರು ಲಗಾಮು ಬಿಟ್ಟು ತೋರಿಸಿ ಎಂದು ಕೇಳುತ್ತೇನೆ. ಈ ಸಲ ಹೆಲ್ಮೆಟ್ ನಾನೇ ತರುತ್ತೇನೆ.

ಇಂತಿ,
ಕುದುರೆಯ ಮಾಲೀಕಳು