ಮಹಡಿ ಬದಲಿಸಿದರೆ ಕರೆ ಕಡಿಯುವ ವೈಫೈ ಜಾಲ: ಸರಿಪಡಿಸಿಕೊಡುವಂತೆ ದೂರು

ಇಂದ,
ಆಡಳಿತಾಧಿಕಾರಿ,
ನರ್ಸಿಂಗ್ ಹೋಮ್, ಹಾಸನ

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ,
ನಮ್ಮ ಕಟ್ಟಡಕ್ಕೆ ವೈಫೈ ಅಳವಡಿಸಿದ ಸಂಸ್ಥೆ

ವಿಷಯ: ಒಂದು ಆಕ್ಸೆಸ್ ಪಾಯಿಂಟ್‌ನಿಂದ (ವೈಫೈ ಸಿಗ್ನಲ್ ಬೀರುವ ಪೆಟ್ಟಿಗೆ) ಇನ್ನೊಂದಕ್ಕೆ ಹೋಗುವಾಗ ಸಂಪರ್ಕ ಕಡಿಯುತ್ತಿರುವ ಬಗ್ಗೆ

ಮಾನ್ಯರೇ,

ನಮ್ಮ ನರ್ಸಿಂಗ್ ಹೋಮಿನ ಎಲ್ಲ ಮಹಡಿಗಳಿಗೂ ವೈಫೈ ಅಳವಡಿಸುವಾಗ, ಕಟ್ಟಡದಲ್ಲಿ ಎಲ್ಲಿ ಓಡಾಡಿದರೂ ಸಂಪರ್ಕ ಕಡಿಯುವುದಿಲ್ಲ ಎಂದು ನೀವು ಕೊಟೇಶನ್ನಿನಲ್ಲೇ ಬರೆದುಕೊಟ್ಟಿದ್ದೀರಿ. ಒಂದು ಕಡೆ ಕುಳಿತು ಬಳಸುವವರಿಗೆ ವೇಗ ಚೆನ್ನಾಗಿಯೇ ಸಿಗುತ್ತಿದೆ, ಆ ಬಗ್ಗೆ ತಕರಾರಿಲ್ಲ. ಆದರೆ ಆಸ್ಪತ್ರೆಯಲ್ಲಿ ಕುಳಿತು ಕೆಲಸ ಮಾಡುವವರು ಬಿಲ್ಲಿಂಗ್ ಕೌಂಟರಿನವರು ಮಾತ್ರ.

ರಾತ್ರಿ ಪಾಳಿಯ ಸಿಸ್ಟರ್ ಟ್ಯಾಬ್ ಹಿಡಿದು, ಮನೆಯಲ್ಲಿರುವ ವೈದ್ಯರೊಂದಿಗೆ ವಿಡಿಯೊ ಕರೆಯಲ್ಲಿ ಮಾತನಾಡುತ್ತಾ ಮೊದಲ ಮಹಡಿಯಿಂದ ಎರಡನೆಯದಕ್ಕೆ ಹೋಗುತ್ತಾರೆ. ಮೆಟ್ಟಿಲಿನ ತಿರುವಿಗೆ ಬರುವಷ್ಟರಲ್ಲಿ ವೈದ್ಯರ ಮಾತು ತುಂಡುತುಂಡಾಗಿ, ಚಿತ್ರ ನಿಂತುಹೋಗುತ್ತದೆ. ವಾರ್ಡಿನೊಳಗೆ ಹೋದರೆ ನಿಮ್ಮ ಆಕ್ಸೆಸ್ ಪಾಯಿಂಟ್ ತಲೆಯ ಮೇಲೆಯೇ ಇದೆ, ಟ್ಯಾಬಿನಲ್ಲಿ ಸಿಗ್ನಲ್ ಗೆರೆಗಳೆಲ್ಲ ತುಂಬಿವೆ, ಆದರೂ ಏನೂ ತೆರೆದುಕೊಳ್ಳುವುದಿಲ್ಲ. ವೈಫೈ ಆರಿಸಿ ಮತ್ತೆ ಹಾಕಬೇಕು. ನಮ್ಮ ಸಿಸ್ಟರ್‌ಗಳಿಗೆ ಮೆಟ್ಟಿಲು ಹತ್ತಿದ ಕೂಡಲೇ ಹಾಗೆ ಮಾಡುವುದು ರೂಢಿಯಾಗಿಬಿಟ್ಟಿದೆ. ಇಂಜೆಕ್ಷನ್ನಿನ ಪ್ರಮಾಣ ಹೇಳುತ್ತಿರುವಾಗ ಕರೆ ಕಡಿದರೆ ಅದನ್ನು ಸಣ್ಣ ತೊಂದರೆ ಎಂದು ನಾನು ಒಪ್ಪುವುದಿಲ್ಲ. ಅದು ರೋಗಿಯ ಸುರಕ್ಷತೆಯ ವಿಚಾರ.

ನಿಮ್ಮ ತಂತ್ರಜ್ಞರು ಮೊದಲು ಟ್ಯಾಬ್ ಹಳೆಯದು ಎಂದರು. ಹೊಸ ಫೋನಿನಲ್ಲೂ ಹಾಗೆಯೇ ಆಗುವುದನ್ನು ತೋರಿಸಿದಾಗ ಎಲ್ಲ ಆಕ್ಸೆಸ್ ಪಾಯಿಂಟ್‌ಗಳ ಪ್ರಸರಣ ಶಕ್ತಿಯನ್ನು ಗರಿಷ್ಠಕ್ಕೆ ಏರಿಸಿ ಹೋದರು. ಈಗ ಮೆಟ್ಟಿಲ ಬಳಿ ಇನ್ನೊಂದು ಪೆಟ್ಟಿಗೆ ಕೊಂಡುಕೊಳ್ಳಿ ಎನ್ನುತ್ತಿದ್ದಾರೆ. ಇದನ್ನು ನಾನು ಒಪ್ಪಲಾರೆ, ಏಕೆಂದರೆ ದೋಷವಿರುವುದು ಪೆಟ್ಟಿಗೆಗಳ ಸಂಖ್ಯೆಯಲ್ಲಲ್ಲ.

ಟ್ಯಾಬಿನ ವೈಫೈ ವಿವರವನ್ನು ತೆರೆದು ನೋಡಿ. ನೆಲಮಹಡಿಯಲ್ಲಿ ಐಪಿ ವಿಳಾಸ (ಜಾಲದಲ್ಲಿ ಉಪಕರಣವನ್ನು ಗುರುತಿಸುವ ಸಂಖ್ಯೆ) 192.168.0 ಎಂದು ಆರಂಭವಾಗುತ್ತದೆ, ಎರಡನೆಯ ಮಹಡಿಯಲ್ಲಿ 192.168.1 ಎಂದು. ಅಂದರೆ ಪ್ರತಿ ಪೆಟ್ಟಿಗೆಯನ್ನೂ ನೀವು ತನ್ನದೇ ವಿಳಾಸ ಹಂಚುವ ಪ್ರತ್ಯೇಕ ರೌಟರ್ ಆಗಿ ಬಿಟ್ಟು, ಹೆಸರು ಮತ್ತು ಪಾಸ್‌ವರ್ಡ್ ಮಾತ್ರ ಒಂದೇ ಇಟ್ಟಿದ್ದೀರಿ. ಹೆಸರು ಒಂದೇ ಆಗಿರುವುದರಿಂದ ಉಪಕರಣ ತಾನು ಅದೇ ಜಾಲದಲ್ಲಿದ್ದೇನೆ ಎಂದುಕೊಂಡು ಹಳೆಯ ವಿಳಾಸವನ್ನೇ ಹಿಡಿದುಕೊಂಡಿರುತ್ತದೆ. ಹೊಸ ರೌಟರಿಗೆ ಆ ವಿಳಾಸದ ಗುರುತೇ ಇಲ್ಲ. ಗೆರೆ ತುಂಬಿದ್ದರೂ ಇಂಟರ್ನೆಟ್ ಇಲ್ಲದಿರುವುದು ಇದರಿಂದಲೇ. ವಿಳಾಸ ಹಂಚುವ ಕೆಲಸ ಒಂದೇ ರೌಟರಿನದಾಗಬೇಕು, ಉಳಿದವು ಬರೀ ಆಕ್ಸೆಸ್ ಪಾಯಿಂಟ್‌ಗಳಾಗಿರಬೇಕು.

ಶಕ್ತಿ ಏರಿಸಿದ್ದರಿಂದ ತೊಂದರೆ ಇನ್ನೂ ಹೆಚ್ಚಿದೆ. ಯಾವಾಗ ಆಕ್ಸೆಸ್ ಪಾಯಿಂಟ್ ಬದಲಿಸಬೇಕೆಂದು ಕೊನೆಗೆ ನಿರ್ಧರಿಸುವುದು ಫೋನು. ಐಫೋನು ತನಗೆ ಸಿಗುವ ಸಿಗ್ನಲ್ ಮೈನಸ್ 70 ಡಿಬಿಎಂಗಿಂತ (ಡಿಬಿಎಂ ಎಂದರೆ ಸಿಗ್ನಲ್ ಬಲದ ಅಳತೆ) ಕೆಳಗಿಳಿದ ಮೇಲೆ ಮಾತ್ರ ಬೇರೊಂದನ್ನು ಹುಡುಕುತ್ತದೆ ಎಂದು ಅದನ್ನು ತಯಾರಿಸುವ ಆಪಲ್ ಸಂಸ್ಥೆಯೇ ತಿಳಿಸಿದೆ. ಕೆಳಗಿನ ಪೆಟ್ಟಿಗೆ ಗರಿಷ್ಠ ಶಕ್ತಿಯಲ್ಲಿ ಕೂಗುತ್ತಿದ್ದರೆ ಫೋನು ಅದನ್ನು ಬಿಡುವುದೇ ಇಲ್ಲ. ಆದರೆ ಫೋನಿನ ಪ್ರಸರಣ ಶಕ್ತಿ ಚಿಕ್ಕದು. ಜಾತ್ರೆಯ ಧ್ವನಿವರ್ಧಕ ಹೊಲದಲ್ಲಿರುವವನಿಗೆ ಕೇಳಿಸುತ್ತದೆ, ಹೊಲದಲ್ಲಿರುವವನ ಮಾತು ಜಾತ್ರೆಗೆ ಕೇಳಿಸುವುದಿಲ್ಲ. ಮೆಟ್ಟಿಲ ತಿರುವಿನಲ್ಲಿ ಆಗುತ್ತಿರುವುದು ಇದೇ.

ಇನ್ನೊಂದು ವಿಷಯ. 802.11ಕೆ, 802.11ಆರ್ ಮತ್ತು 802.11ವಿ ಸೌಲಭ್ಯಗಳಿಗೂ ನಮ್ಮಿಂದ ಹಣ ಪಡೆದಿದ್ದೀರಿ. ಮೊದಲಿನದು ಅಕ್ಕಪಕ್ಕದ ಆಕ್ಸೆಸ್ ಪಾಯಿಂಟ್‌ಗಳ ಪಟ್ಟಿಯನ್ನು ಫೋನಿಗೆ ಕೊಡುತ್ತದೆ, ಎರಡನೆಯದು ಹೊಸ ಕಡೆ ಸೇರುವಾಗಿನ ದೃಢೀಕರಣವನ್ನು ಚುಟುಕಾಗಿ ಮುಗಿಸುತ್ತದೆ, ಮೂರನೆಯದು ಬೇರೆ ಕಡೆ ಹೋಗು ಎಂದು ಫೋನಿಗೆ ಸೂಚಿಸುತ್ತದೆ. ಮೊದಲ ಎರಡು 2008ರಲ್ಲೂ ಮೂರನೆಯದು 2011ರಲ್ಲೂ ಬಂದ ಮಾನಕಗಳು. ನಿಮ್ಮ ತಂತ್ರಜ್ಞರೇ ನಿಯಂತ್ರಣ ಪರದೆ ತೆರೆದು ತೋರಿಸಿದಾಗ ಮೂರೂ ಆರಿದ್ದವು. ಹಣ ಪಡೆದು ಸ್ವಿಚ್ ಹಾಕದೆ ಹೋಗಿರುವುದು ನನಗೆ ತುಂಬಾ ಬೇಸರ ತಂದಿದೆ.

ಈ ಪತ್ರ ತಲುಪಿದ ಹದಿನೈದು ದಿನಗಳೊಳಗೆ ಜಾಲದ ವಿನ್ಯಾಸ ಬಲ್ಲ ಎಂಜಿನಿಯರ್ ಒಬ್ಬರನ್ನು ಕಳುಹಿಸಿಕೊಡಿ. ಮಹಡಿಗಳನ್ನೆಲ್ಲ ಒಂದೇ ವಿಳಾಸ ವ್ಯಾಪ್ತಿಗೆ ತನ್ನಿ. ಶಕ್ತಿಯನ್ನು ತಗ್ಗಿಸಿ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದಂತೆ 1, 6, 11 ಚಾನೆಲ್‌ಗಳನ್ನು ಹಂಚಿ, ಟ್ಯಾಬ್‌ಗಳನ್ನು ಸಾಧ್ಯವಾದಷ್ಟೂ 5 ಗಿಗಾಹರ್ಟ್ಸ್‌ನಲ್ಲಿಡಿ. ಮೇಲಿನ ಮೂರು ಸೌಲಭ್ಯಗಳನ್ನು ಆನ್ ಮಾಡಿ. ಲ್ಯಾಬಿನ ಹಳೆಯ ಪ್ರಿಂಟರಿನಂಥ ಉಪಕರಣಗಳು 802.11ಆರ್ ಆನ್ ಇರುವ ಜಾಲಕ್ಕೆ ಸೇರದೆ ಹೋಗಬಹುದು, ಅವುಗಳಿಗೆ ಬೇರೆ ಹೆಸರಿನ ಜಾಲ ಮಾಡಿಕೊಡಿ. ಇದಕ್ಕೆಲ್ಲ ಹೊಸ ಪೆಟ್ಟಿಗೆ ಬೇಕಿಲ್ಲ, ಹೆಚ್ಚುವರಿ ಶುಲ್ಕವನ್ನೂ ಕೊಡುವುದಿಲ್ಲ.

ಕೆಲಸ ಮುಗಿದ ಮೇಲೆ ಒಂದೇ ಕಡೆ ನಿಂತು ವೇಗ ಪರೀಕ್ಷಿಸಿ ತೋರಿಸಿದರೆ ನಾನು ಸಹಿ ಮಾಡುವುದಿಲ್ಲ. ವಿಡಿಯೊ ಕರೆ ಹಚ್ಚಿಕೊಂಡು ನಿಮ್ಮ ಎಂಜಿನಿಯರ್ ನಮ್ಮ ಸಿಸ್ಟರ್ ಜೊತೆ ನೆಲಮಹಡಿಯಿಂದ ಮೇಲಿನ ವಾರ್ಡಿನವರೆಗೆ ನಡೆದು ಮತ್ತೆ ಇಳಿದು ಬರಲಿ, ಮಾತು ಎಲ್ಲೂ ತುಂಡಾಗದಿರಲಿ. ಅಲ್ಲಿಯವರೆಗೆ ವಾರ್ಷಿಕ ನಿರ್ವಹಣಾ ಒಪ್ಪಂದದ ಬಾಕಿ ಕಂತನ್ನು ತಡೆಹಿಡಿದಿದ್ದೇನೆ.

ತಮ್ಮ ಲಿಖಿತ ಉತ್ತರದ ನಿರೀಕ್ಷೆಯಲ್ಲಿ,

ಇಂತಿ ತಮ್ಮ ವಿಶ್ವಾಸಿ,
ಆಡಳಿತಾಧಿಕಾರಿ

ಲಗತ್ತು: ಕೊಟೇಶನ್ ಪ್ರತಿ, ಎರಡೂ ಮಹಡಿಗಳಲ್ಲಿ ತೆಗೆದ ಐಪಿ ವಿಳಾಸದ ಪರದೆಚಿತ್ರಗಳು