ಫೆಬ್ರವರಿ ಕೊನೆಯ ವಾರಕ್ಕೆ ಯಾವ ಊರು? ಸ್ಟಾಕ್‌ಹೋಮ್‌ನಿಂದ ಅಪ್ಪ ಅಮ್ಮನಿಗೆ

ತೀರ್ಥರೂಪ ಅಪ್ಪನವರಿಗೂ ಅಮ್ಮನಿಗೂ ನಮಸ್ಕಾರಗಳು.

ಇಲ್ಲಿ ಎಲ್ಲರೂ ಕ್ಷೇಮ, ಅಲ್ಲಿಯ ಕ್ಷೇಮಕ್ಕೆ ಬರೆಯಿರಿ ಅಂತ ಶುರು ಮಾಡೋಣವೆಂದರೆ ನಿನ್ನೆ ರಾತ್ರಿಯಷ್ಟೇ ನಿಮ್ಮಿಬ್ಬರನ್ನೂ ವಿಡಿಯೋದಲ್ಲಿ ನೋಡಿದ್ದೇನೆ. ಆದರೆ ಫೋನಿನಲ್ಲಿ ಒಂದು ಮಾತೂ ಪೂರ್ತಿ ಆಗುವುದಿಲ್ಲ. ಅಪ್ಪ ಒಂದು ಊರು ಹೇಳುತ್ತಾರೆ, ಇವರು ಇನ್ನೊಂದು ಹೇಳುತ್ತಾರೆ, ಅಷ್ಟರಲ್ಲಿ ಪುಟ್ಟಿ ಬಂದು ಫೋನ್ ಕಿತ್ತುಕೊಳ್ಳುತ್ತಾಳೆ. ಅದಕ್ಕೇ ಎಲ್ಲಾ ಕೂತು ಬರೆಯುತ್ತಿದ್ದೇನೆ. ಸಕಲೇಶಪುರದ ಕಡೆ ಹೋದಾಗ ಪ್ರಿಂಟ್ ತೆಗೆಸಿಕೊಂಡು ನಿಧಾನವಾಗಿ ಓದಿ.

ವೀಸಾ ಬಂತಲ್ಲ, ಅರ್ಧ ತಲೆನೋವು ಹೋಯಿತು. ಸ್ವೀಡನ್‌ನವರು ಕೊಟ್ಟಿದ್ದಾದರೂ ಅದು ಷೆಂಗೆನ್ ವೀಸಾ. ಇಲ್ಲಿಗೆ ಬಂದ ಮೇಲೆ ಸ್ಪೇನ್, ಇಟಲಿ ಅಂತ ಹೋಗೋಕೆ ಬೇರೆ ವೀಸಾ ಬೇಡ. ಅಪ್ಪ, ನೀವು ಅದನ್ನೇ ಎರಡೆರಡು ಸಲ ಕೇಳಿದಿರಿ, ಅದಕ್ಕೆ ಮೊದಲೇ ಬರೆದೆ.

ಪುಟ್ಟಿಯ ಶಾಲೆಗೆ ಫೆಬ್ರವರಿ ಕೊನೆಗೆ ಒಂದು ವಾರ ರಜೆ. ಸ್ಪೋರ್ಟ್‌ಲೋವ್ ಅಂತಾರೆ. ಹೆಸರಿಗೆ ಆಟದ ರಜೆ, ಆದರೆ ಶುರುವಾಗಿದ್ದು ಬೇರೆ ಕಾರಣಕ್ಕೆ. 1940ರ ಫೆಬ್ರವರಿಯಲ್ಲಿ, ಯುದ್ಧದ ಕಾಲ, ಶಾಲೆಗಳನ್ನು ಬೆಚ್ಚಗಿಡೋಕೆ ಇಂಧನ ಸಾಲದೆ ಒಂದು ವಾರ ಬೀಗ ಹಾಕಿದರು. ಯುದ್ಧ ಮುಗಿಯಿತು, ರಜೆ ಮಾತ್ರ ಉಳಿದುಕೊಂಡಿತು. ಈಗ ಒಂದೊಂದು ಕಡೆಗೆ ಒಂದೊಂದು ವಾರ ಕೊಡುತ್ತಾರೆ. ಸ್ಟಾಕ್‌ಹೋಮಿಗೆ ಸಿಗೋದು ವರ್ಷದ ಒಂಬತ್ತನೇ ವಾರ. ಇವರ ಆಫೀಸಿನವರೆಲ್ಲ ಮಕ್ಕಳನ್ನು ಕಟ್ಟಿಕೊಂಡು ಸೇಲೆನ್, ಓರೆ ಅಂತ ಗುಡ್ಡಗಳಿಗೆ ಸ್ಕೀ ಆಡೋಕೆ ಹೋಗುತ್ತಾರೆ. ಐದು ತಿಂಗಳು ಹಿಮದಲ್ಲೇ ಇದ್ದು, ದುಡ್ಡು ಕೊಟ್ಟು ಇನ್ನೂ ಜಾಸ್ತಿ ಹಿಮ ಇರುವ ಕಡೆಗೆ ಹೋಗೋದು ನನ್ನ ತಲೆಗಂತೂ ಹತ್ತಿಲ್ಲ.

"ನಿಮ್ಮನ್ನು ನೋಡೋಕೆ ಬರೋದು, ಅಲ್ಲೇ ಮನೆಯಲ್ಲಿ ಇದ್ದರಾಯಿತು" ಅಂತ ಅಮ್ಮ ಹೇಳಿದಳು. ಅಮ್ಮ, ನೀನು ಇಲ್ಲಿಯ ಫೆಬ್ರವರಿ ನೋಡಿಲ್ಲ. ಡಿಸೆಂಬರ್ ಕತ್ತಲೆ ಹೇಗೋ ಕಳೆಯುತ್ತದೆ. ಆಗ ಎಂಟೂ ಮುಕ್ಕಾಲಿಗೆ ಸೂರ್ಯ ಹುಟ್ಟಿ ಮಧ್ಯಾಹ್ನ ಮೂರಕ್ಕೆ ಮುಂಚೆಯೇ ಮುಳುಗಿದರೂ ಕಿಟಕಿಗಳಲ್ಲಿ ದೀಪ, ಹಬ್ಬ, ಏನೋ ಒಂದು ಸಡಗರ ಇರುತ್ತದೆ. ಫೆಬ್ರವರಿಯಲ್ಲಿ ಬೆಳಕು ಬಂದಿರುತ್ತದೆ, ಚಳಿ ಹೋಗಿರುವುದಿಲ್ಲ. ಹಗಲು ಕರಗಿದ ಹಿಮ ರಾತ್ರಿ ಗಾಜಿನ ಹಾಗೆ ಗಟ್ಟಿಯಾಗುತ್ತದೆ. ಜನ ಜಾರದಿರಲಿ ಅಂತ ಫುಟ್‌ಪಾತಿಗೆಲ್ಲ ಸಣ್ಣ ಜಲ್ಲಿ ಚೆಲ್ಲುತ್ತಾರೆ. ಅದು ಬೂಟಿಗೆ ಅಂಟಿಕೊಂಡು ಮನೆಯೊಳಗೂ ಬರುತ್ತದೆ, ದಿನಾ ಗುಡಿಸಬೇಕು. ಅಪ್ಪನ ಮಂಡಿ ಇಟ್ಟುಕೊಂಡು ಆ ಐಸಿನ ಮೇಲೆ ನಡೆಸೋ ಧೈರ್ಯ ನನಗಿಲ್ಲ. ನೀವು ಬಂದು ಎರಡು ದಿನ ಸುಧಾರಿಸಿಕೊಳ್ಳಿ, ಆಮೇಲೆ ಎಲ್ಲರೂ ದಕ್ಷಿಣಕ್ಕೆ ಹೊರಟುಬಿಡೋಣ. ವಾಪಸ್ ಬರುವ ಹೊತ್ತಿಗೆ ಮಾರ್ಚ್ ಆಗಿರುತ್ತದೆ.

ಯಾವ ಊರು ಅನ್ನೋದಕ್ಕೆ ಮನೆಯಲ್ಲಿ ದೊಡ್ಡ ಪಂಚಾಯಿತಿಯೇ ಆಯಿತು. ನಾನು ಕೇಳಿದ್ದು ಇಷ್ಟೇ. ಅಪ್ಪ ಮೆಟ್ಟಿಲು ಹತ್ತಬಾರದು. ಅಮ್ಮ ಊಟಕ್ಕೆ ಒದ್ದಾಡಬಾರದು. ಸಂಜೆ ಸ್ವೆಟರ್ ಹಾಕಿಕೊಂಡು ಹೊರಗೆ ಒಂದು ಬೆಂಚಿನ ಮೇಲೆ ಎಲ್ಲರೂ ಕೂರುವಂತಿರಬೇಕು. ಯುರೋಪಿನಲ್ಲಿ ಫೆಬ್ರವರಿ ಕೊನೆಗೆ ಈ ಮೂರೂ ಒಟ್ಟಿಗೆ ಸಿಗುವ ಊರು ಜಾಸ್ತಿ ಇಲ್ಲ.

ಇವರು ಬುಡಾಪೆಸ್ಟ್ ಅಂದರು. ಖರ್ಚು ಕಮ್ಮಿ, ಬಿಸಿನೀರಿನ ಬುಗ್ಗೆಗಳ ಊರು. ಅಲ್ಲಿಯ ಸೆಚೆನಿ ಸ್ನಾನಗೃಹ 1913ರದ್ದು. ಸುತ್ತ ಹಿಮ ಬೀಳುತ್ತಿರುವಾಗ ಬಯಲಿನ ಬಿಸಿನೀರ ಕೊಳದಲ್ಲಿ ಕತ್ತಿನವರೆಗೆ ಮುಳುಗಿ ಚದುರಂಗ ಆಡುತ್ತಾರೆ. ಕೇಳೋಕೆ ಚೆನ್ನಾಗಿದೆ. ಆದರೆ ಈಜುಡುಗೆ ತೊಟ್ಟು ಊರವರ ಜೊತೆ ಆ ಕೊಳಕ್ಕೆ ಅಮ್ಮ ಇಳಿಯುತ್ತಾಳಾ? ನಾನು ಕೇಳಿದೆ, ಇವರು ಸುಮ್ಮನಾದರು.

ವೆನಿಸ್ ಬೇಡ. ಅದೇ ಹೊತ್ತಿಗೆ ಮುಖವಾಡದ ಕಾರ್ನಿವಲ್ ಬರುತ್ತದೆ, ಅದರ ತಾರೀಖು ಈಸ್ಟರ್ ನೋಡಿಕೊಂಡು ಆಚೀಚೆ ಆಗುತ್ತದೆ. ಆ ದಿನಗಳಲ್ಲಿ ಕೋಣೆ ಬಾಡಿಗೆ ಮುಟ್ಟೋ ಹಾಗಿಲ್ಲ. ಅದಕ್ಕಿಂತ ಮುಖ್ಯ, ಅಲ್ಲಿ ನಾನೂರಕ್ಕೂ ಜಾಸ್ತಿ ಸೇತುವೆ ಇವೆ, ಸೇತುವೆ ಅಂದರೆ ಹತ್ತಿ ಇಳಿಯುವ ಮೆಟ್ಟಿಲು. ಪುಟ್ಟಿಗೆ ಫ್ರಾನ್ಸಿನ ಮಾಂತೋನ್ ಬೇಕಿತ್ತು. ಅಲ್ಲಿ ಫೆಬ್ರವರಿಯಲ್ಲಿ ನಿಂಬೆಹಣ್ಣಿನ ಹಬ್ಬ, ನಿಂಬೆ ಕಿತ್ತಳೆಗಳನ್ನು ಜೋಡಿಸಿ ಆನೆ, ಕೋಟೆ ಎಲ್ಲ ಮಾಡಿ ನಿಲ್ಲಿಸುತ್ತಾರೆ. ಅರ್ಧ ದಿನ ನೋಡಬಹುದು, ಒಂದು ವಾರ ಏನು ಮಾಡೋದು? ಅಥೆನ್ಸ್ ನನಗೇ ಆಸೆ ಇತ್ತು. ಆದರೆ 2021ರ ಫೆಬ್ರವರಿಯಲ್ಲಿ ಆಕ್ರೋಪೊಲಿಸ್ ಗುಡ್ಡದ ಮೇಲೇ ಹಿಮ ಬಿದ್ದಿತ್ತು. ಹಿಮದಿಂದ ಓಡಿಹೋಗುವವರು ಅಲ್ಲಿಗೆ ಯಾಕೆ ಹೋಗಬೇಕು ಅಂತ ಬಿಟ್ಟೆ. ಮಾಲ್ಟಾದಲ್ಲಿ ಇಂಗ್ಲಿಷ್ ನಡೆಯುತ್ತದೆ, ಅಪ್ಪನಿಗೆ ಮಾತಿಗೆ ಜನ ಸಿಗುತ್ತಿದ್ದರು. ಆದರೆ ಫೆಬ್ರವರಿಯ ಸಮುದ್ರದ ಗಾಳಿಗೆ ಕಲ್ಲಿನ ಮನೆಗಳು ಒಳಗೆ ತಣ್ಣಗೆ, ತೇವ ತೇವ.

ಇನ್ನು ಅಪ್ಪನ ಲಿಸ್ಬನ್. ಇದಕ್ಕೆ ಸ್ವಲ್ಪ ಜಾಸ್ತಿ ಬರೆಯಬೇಕು, ಇಲ್ಲದಿದ್ದರೆ ನೀವು ಒಪ್ಪುವುದಿಲ್ಲ. ವಾಸ್ಕೋ ಡ ಗಾಮನ ಸಮಾಧಿ ನೋಡಬೇಕು ಅಂದಿರಿ. ಇದೆ, ಬೆಲೆಂ ಬಡಾವಣೆಯ ಜೆರೋನಿಮೋಸ್ ಮಠದಲ್ಲಿ. 1524ರಲ್ಲಿ ಕೊಚ್ಚಿಯಲ್ಲಿ ಸತ್ತವನನ್ನು ಆಮೇಲೆ ಅಲ್ಲಿಗೆ ಒಯ್ದರು. ನೋಡಬೇಕಾದ್ದೇ, ಒಪ್ಪುತ್ತೇನೆ. ಆದರೆ ಲಿಸ್ಬನ್ ಗುಡ್ಡದ ಮೇಲೆ ಗುಡ್ಡ. ಫುಟ್‌ಪಾತಿಗೆಲ್ಲ ಪುಟ್ಟ ಪುಟ್ಟ ಸುಣ್ಣದಕಲ್ಲು ಹಾಸಿದ್ದಾರೆ, ಜನ ತುಳಿದು ತುಳಿದು ನುಣ್ಣಗಾಗಿವೆ. ಅಲ್ಲಿಯ ಮಳೆಗಾಲ ಚಳಿಗಾಲದಲ್ಲೇ. ಅಟ್ಲಾಂಟಿಕ್‌ನಿಂದ ಮಳೆ ಬಂತೆಂದರೆ ಆ ಇಳಿಜಾರಿನಲ್ಲಿ ಗಟ್ಟಿಮುಟ್ಟಾದವರೇ ಜಾರುತ್ತಾರೆ. ಲಿಸ್ಬನ್ ಮೇ ತಿಂಗಳ ಊರು. ನೀವು ಆಗಲೂ ಇಲ್ಲೇ ಇದ್ದರೆ ನಾವಿಬ್ಬರೇ ಹೋಗಿ ಬರೋಣ.

ಹಾಗಾಗಿ ಸೆವಿಲ್ಲೆ, ಸ್ಪೇನಿನ ದಕ್ಷಿಣ. ಹಿಂದೆ ಒಮ್ಮೆ ಫೆಬ್ರವರಿಯಲ್ಲೇ ಆಫೀಸಿನ ಕೆಲಸದ ಮೇಲೆ ಹೋಗಿದ್ದೆ. ಅಂಗೈಯಷ್ಟು ಸಮತಟ್ಟಾದ ಊರು. ಹಗಲು ಹದಿನೆಂಟು ಡಿಗ್ರಿ ಆಸುಪಾಸು, ರಾತ್ರಿ ಏಳಕ್ಕೆ ಇಳಿಯುತ್ತದೆ. ನಿಮಗೆ ಅದೂ ಚಳಿಯೇ, ನಮಗೆ ಅದು ಬೇಸಿಗೆ. ಇನ್ನೊಂದು ವಿಷಯ. ಸ್ಪೇನ್ ಇರುವುದು ಲಂಡನ್ನಿನ ನೇರಕ್ಕೆ, ಆದರೆ 1940ರಲ್ಲಿ ಗಡಿಯಾರವನ್ನು ಜರ್ಮನಿಯ ಸಮಯಕ್ಕೆ ಮುಂದೆ ತಿರುಗಿಸಿದವರು ಮತ್ತೆ ಹಿಂದೆ ತಿರುಗಿಸಲೇ ಇಲ್ಲ. ಅದರಿಂದ ಫೆಬ್ರವರಿ ಕೊನೆಗೆ ಅಲ್ಲಿ ಸಂಜೆ ಏಳರವರೆಗೂ ಬೆಳಕು. ಅದೇ ದಿನ ಸ್ಟಾಕ್‌ಹೋಮಿನಲ್ಲಿ ಐದೂ ಕಾಲಿಗೆಲ್ಲ ಸೂರ್ಯ ಇರುವುದಿಲ್ಲ. ಅಪ್ಪ ಮಾತ್ರ ಐದಕ್ಕೆ ಎದ್ದು ವಾಕಿಂಗ್ ಹೊರಡಬೇಡಿ. ಬೆಳಿಗ್ಗೆ ಏಳೂವರೆ ದಾಟುವವರೆಗೂ ಬೆಳಗಾಗುವುದಿಲ್ಲ.

ಈಗ ಮಂಡಿಯ ವಿಚಾರ. ಅಲ್ಲಿಯ ದೊಡ್ಡ ಚರ್ಚಿನ ಪಕ್ಕ ಹಿರಾಲ್ಡಾ ಅಂತ ಒಂದು ಗೋಪುರ ಇದೆ. ಹನ್ನೆರಡನೇ ಶತಮಾನದಲ್ಲಿ ಮಸೀದಿಯ ಮಿನಾರಾಗಿ ಕಟ್ಟಿದ್ದು, ಮೇಲಿನ ಗಂಟೆಯ ಭಾಗ ಆಮೇಲಿನದು. ಅದರೊಳಗೆ ಮೆಟ್ಟಿಲಿಲ್ಲ! ಅಜಾನ್ ಕೂಗುವವರು ದಿನಕ್ಕೆ ಐದು ಸಲ ಕುದುರೆಯ ಮೇಲೇ ಹತ್ತಿ ಹೋಗಲಿ ಅಂತ ಇಳಿಜಾರು ದಾರಿ ಮಾಡಿದ್ದಾರೆ ಅಂತ ಹೇಳುತ್ತಾರೆ. ಮೂವತ್ತೈದು ಇಳಿಜಾರು, ಪ್ರತಿ ತಿರುವಿನ ಗೋಡೆಯ ಮೇಲೂ ನಂಬರ್. ಇಟ್ಟಿಗೆ ಹಾಸಿದ ನೆಲ, ಮಧ್ಯ ಮಧ್ಯ ಕಿಟಕಿ. ಆ ಕಿಟಕಿಯಲ್ಲಿ ನಿಂತು ಉಸಿರು ಬಿಟ್ಟು, ಒಂದು ಕಡೆಯ ಚಾವಣಿ ನೋಡಿ, ಮತ್ತೆ ಎರಡು ತಿರುವು ಹತ್ತಿದರೆ ಇನ್ನೊಂದು ಕಿಟಕಿ. ಕೊನೆಗೆ ಮಾತ್ರ ಒಂದಿಷ್ಟು ಮೆಟ್ಟಿಲು ಸಿಗುತ್ತದೆ. ನಾನು ಹತ್ತುವಾಗ ಮುಂದೆ ಒಬ್ಬರು ಅಜ್ಜಿ ಕೋಲು ಊರಿಕೊಂಡು ಹೋಗುತ್ತಿದ್ದರು, ನಂಬರ್ ಓದಿಕೊಂಡು. ಆಗಲೇ ಅಪ್ಪನನ್ನು ಕರೆದುಕೊಂಡು ಬರಬೇಕು ಅಂದುಕೊಂಡಿದ್ದೆ.

ವಾಸ್ಕೋ ಇಲ್ಲ ಅಂತ ಬೇಜಾರಾಗಬೇಡಿ. ಅದೇ ಚರ್ಚಿನಲ್ಲಿ ಕೊಲಂಬಸ್‌ನ ಶವಪೆಟ್ಟಿಗೆಯನ್ನು ಸ್ಪೇನಿನ ನಾಲ್ಕು ಹಳೇ ರಾಜ್ಯಗಳನ್ನು ಪ್ರತಿನಿಧಿಸುವ ಪ್ರತಿಮೆಗಳು ಹೆಗಲ ಮೇಲೆ ಹೊತ್ತಿವೆ. ಭೂಮಿಯನ್ನು ಮೊದಲು ಸುತ್ತಿ ಬಂದ ಯಾನದ ಹಡಗುಗಳು 1519ರಲ್ಲಿ ಹೊರಟಿದ್ದೂ ಈ ಊರಿನ ನದಿ ದಡದಿಂದ. ಅವುಗಳ ನಾಯಕ ಮೆಗಲನ್ ಅದಕ್ಕೂ ಮುಂಚೆ ಪೋರ್ಚುಗೀಸರ ಕೆಲಸದಲ್ಲಿದ್ದ. 1505ರಲ್ಲಿ ಅವರ ವೈಸ್‌ರಾಯ್ ಅಲ್ಮೇಡಾನ ನೌಕಾಪಡೆಯಲ್ಲಿ ನಮ್ಮ ಕಡೆಗೇ ಬಂದಿದ್ದ. ಆ ಪಡೆ ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ಕೋಟೆ ಕಟ್ಟಿತು, ಹೊನ್ನಾವರದ ಮೇಲೆ ಬಿದ್ದು ಹಡಗುಗಳನ್ನು ಸುಟ್ಟಿತು. ನೀವು ವಾಸ್ಕೋನನ್ನು ಹುಡುಕುತ್ತೀರಿ, ಈ ಆಸಾಮಿ ಹೊನ್ನಾವರ ಕಂಡವನು!

ಅಮ್ಮ, ಈಗ ನಿನಗೆ. ಆ ಊರಿನ ಬೀದಿ ಬೀದಿಯಲ್ಲಿ ಸಾಲಾಗಿ ಕಿತ್ತಳೆ ಮರ. ಫೆಬ್ರವರಿಯಲ್ಲಿ ಹಣ್ಣು ಮರ ತುಂಬ ಇರುತ್ತದೆ, ಕೆಳಗೂ ಬಿದ್ದು ಒಡೆದಿರುತ್ತದೆ. ಯಾರೂ ಮುಟ್ಟುವುದಿಲ್ಲ. ಯಾಕೆಂದರೆ ಕಹಿ. ನಾನು ಒಂದನ್ನು ಸುಲಿದು ಮೂಸಿದೆ. ನಮ್ಮ ಹಿತ್ತಲಿನ ಹೇರಳೆಕಾಯಿಯದೇ ಘಾಟು, ಸಿಪ್ಪೆಯ ಎಣ್ಣೆ ಬೆರಳಿನಿಂದ ಸಂಜೆಯವರೆಗೂ ಹೋಗಲಿಲ್ಲ. ನೀನು ನೋಡಿದರೆ ಖಂಡಿತ ಗೊಜ್ಜು ಮಾಡುತ್ತೇನೆ ಅಂತ ಸೆರಗು ಒಡ್ಡುತ್ತೀ. ದಯವಿಟ್ಟು ಬೇಡ, ರಸ್ತೆ ಬದಿಯ ಹೊಗೆ ಧೂಳು ಕುಡಿದ ಹಣ್ಣು. ಇಂಗ್ಲಿಷರು ಅದೇ ಜಾತಿಯ ಹಣ್ಣಿನಿಂದ ಮಾರ್ಮಲೇಡ್ ಅನ್ನೋ ಜಾಮ್ ಮಾಡುತ್ತಾರೆ. ಬೀದಿಯಲ್ಲಿ ಬಿದ್ದ ಹಣ್ಣಿನ ರಸ ಕೊಳೆಸಿ ಅನಿಲ ತೆಗೆದು ಕರೆಂಟ್ ಮಾಡುವ ಪ್ರಯೋಗವನ್ನೂ 2021ರಲ್ಲಿ ಅಲ್ಲಿ ಶುರು ಮಾಡಿದರು. ನಿನಗೆ ಸಾಂತಾ ಪೌಲಾ ಅನ್ನೋ ಮಠದಲ್ಲಿ ಸನ್ಯಾಸಿನಿಯರೇ ಕಾಯಿಸಿ ಮಾರುವ ಮಾರ್ಮಲೇಡ್ ಕೊಡಿಸುತ್ತೇನೆ. ಕಹಿ ಸಿಹಿ ಎರಡೂ ಇರುವುದು ನಿನಗೆ ಹಿಡಿಸುತ್ತದೆ. ಮಾರ್ಚ್ ಬಂತೆಂದರೆ ಅದೇ ಮರಗಳು ಹೂ ಬಿಡುತ್ತವೆ. ನಾವು ಹೋಗುವ ಹೊತ್ತಿಗೆ ಒಂದೆರಡು ಮೊಗ್ಗಾದರೂ ಕಂಡರೆ ನಮ್ಮ ಅದೃಷ್ಟ. ಅಂದ ಹಾಗೆ, ಕಾಫಿ ತೋಟಕ್ಕೆ ಹೂಮಳೆ ಆಗದೆ ಹೊರಡೋದು ಹೇಗೆ ಅಂತ ಅಪ್ಪ ರಾಗ ತೆಗೆದರೆ ಸ್ಪ್ರಿಂಕ್ಲರ್ ಕೆಲಸ ಚಿಕ್ಕಪ್ಪನಿಗೆ ಒಪ್ಪಿಸಿ ಬಿಡಿ.

ಊಟದ ಚಿಂತೆ ಮಾಡಬೇಡ. ಪಾಲಕ್, ಕಾಬೂಲಿ ಕಡಲೆ, ಬೆಳ್ಳುಳ್ಳಿ, ಜೀರಿಗೆ ಹಾಕಿ ಮಾಡುವ ಒಂದು ಪಲ್ಯ ಆ ಊರಿನದೇ ಅಡುಗೆ, ಬಹಳ ಕಡೆ ಸಿಗುತ್ತದೆ. ಬ್ರೆಡ್ ಜೊತೆ ಕೊಡುತ್ತಾರೆ. ಚುರ್ರೋ ಅಂತ ಎಣ್ಣೆಯಲ್ಲಿ ಕರಿದ ತಿಂಡಿ ಇದೆ, ಅದರ ಹಿಟ್ಟಿಗೆ ಮೈದಾ, ನೀರು, ಉಪ್ಪು ಅಷ್ಟೇ, ಮೊಟ್ಟೆ ಇಲ್ಲ. ಒಂದೇ ತೊಂದರೆ, ಅಲ್ಲಿಯ ಹೋಟೆಲಿನವರಿಗೆ ಹಂದಿಮಾಂಸದ ಚೂರು ಉದುರಿಸುವುದು ಕೊತ್ತಂಬರಿ ಸೊಪ್ಪು ಉದುರಿಸಿದಷ್ಟು ಸಲೀಸು. ತರಕಾರಿ ಸೂಪಿನ ಮೇಲೂ ಬಂದುಬಿಡುತ್ತದೆ. "ಸಿನ್ ಹಾಮೋನ್" ಅಂದರೆ ಹಂದಿಮಾಂಸ ಬೇಡ ಅಂತ. ಪುಟ್ಟಿ ಆಗಲೇ ಬಾಯಿಪಾಠ ಮಾಡಿದ್ದಾಳೆ. ರಾತ್ರಿ ಊಟಕ್ಕೆ ಹೋಟೆಲಿನ ಅಡುಗೆಮನೆ ಎಂಟೂವರೆಗೆ ಮುಂಚೆ ತೆರೆಯುವುದು ಕಮ್ಮಿ. ಅಪ್ಪನಿಗೆ ಅದು ಆಗಲ್ಲ. ಅದಕ್ಕೇ ಅಡುಗೆಮನೆ ಇರುವ ಮನೆಯನ್ನೇ ನೋಡಿದ್ದೇನೆ, ನದಿ ಆಚೆಯ ತ್ರಿಯಾನಾ ಕಡೆ. ಅಲ್ಲೇ ಒಳ್ಳೆ ಮಾರ್ಕೆಟ್ ಇದೆ. ಸಾರಿನಪುಡಿ ನಿನ್ನದು, ತರಕಾರಿ ನನ್ನದು.

ಆ ಮನೆಗಳದ್ದು ಒಂದು ಅವಗುಣ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ಊರು, ಹಾಗಾಗಿ ಮನೆಗಳನ್ನು ಕಟ್ಟಿರುವುದೇ ತಂಪಿಗೆ. ನೆಲವೆಲ್ಲ ಟೈಲ್ಸ್, ಹೀಟರ್ ಇದ್ದರೂ ಹೆಸರಿಗೆ. ಹಗಲು ಹೊರಗೆ ಬೆಚ್ಚಗೆ, ರಾತ್ರಿ ಒಳಗೆ ಕಾಲು ತಣ್ಣಗೆ. ದಪ್ಪ ಕಾಲುಚೀಲ ಇಬ್ಬರೂ ಎರಡೆರಡು ಜೊತೆ ಇಟ್ಟುಕೊಳ್ಳಿ. ಮಳೆಯೂ ಒಂದೆರಡು ದಿನ ಬರಬಹುದು.

ಟಿಕೆಟ್ ವಿಷಯ. ರಜೆ ವಾರದಲ್ಲಿ ಶನಿವಾರದ ವಿಮಾನಕ್ಕೆ ಬೆಂಕಿ ಬೆಲೆ, ಅದಕ್ಕೆ ಮಂಗಳವಾರ ಹೊರಡೋದು ಅಂತ ಇವರ ಲೆಕ್ಕ. ಸ್ಟಾಕ್‌ಹೋಮಿನಿಂದ ಮಾಲಗಾಕ್ಕೆ ವಿಮಾನ ಜಾಸ್ತಿ, ಅಲ್ಲಿಂದ ಸೆವಿಲ್ಲೆಗೆ ಬಸ್ಸಿನಲ್ಲಿ ಎರಡೂವರೆ ಮೂರು ಗಂಟೆ. ಅಲ್ಕಾಸರ್ ಅರಮನೆಗೆ ಮೊದಲೇ ಆನ್‌ಲೈನಿನಲ್ಲಿ ಟಿಕೆಟ್ ಮಾಡಬೇಕು, ಟಿಕೆಟ್ ಮೇಲೆ ಹೆಸರು ಬರುತ್ತದೆ. ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಇಬ್ಬರ ಹೆಸರಿನ ಸ್ಪೆಲಿಂಗ್ ಕಳಿಸಿ, ಅಪ್ಪನ ಇನಿಷಿಯಲ್ ಸಮೇತ. ಫೆಬ್ರವರಿ 28 ಆಂಡಲೂಸಿಯಾ ದಿನ, ಅವರ ರಾಜ್ಯೋತ್ಸವ ಅಂತಿಟ್ಟುಕೊಳ್ಳಿ. ಆವತ್ತು ಅಂಗಡಿ ಬಂದ್, ಊರೆಲ್ಲ ಜನ. ಆ ದಿನ ನದಿ ದಂಡೆಯಲ್ಲಿ ಸುಮ್ನೆ ಕೂರೋದೇ ಕೆಲಸ.

ಒಂದು ಮಾತ್ರ ನಿಮಗೆ ಬಿಟ್ಟಿದ್ದೇನೆ. ರೈಲಿನಲ್ಲಿ ಮುಕ್ಕಾಲು ಗಂಟೆ ಹೋದರೆ ಕಾರ್ಡೊಬಾ. ಅಲ್ಲಿಯ ಹಳೇ ಮಸೀದಿಯಲ್ಲಿ ಎಂಟುನೂರಕ್ಕೂ ಜಾಸ್ತಿ ಕಂಬ, ಅದರ ನಟ್ಟನಡುವೆ ಚರ್ಚು. ಅಪ್ಪ ಹೂಂ ಅಂದರೆ ಒಂದು ದಿನ ಅದಕ್ಕೆ ಇಡೋಣ, ಸಾಕು ಅನ್ನಿಸಿದರೆ ಬಿಡೋಣ. ಇವರು ಭಾನುವಾರ ಟಿಕೆಟ್ ಮಾಡುತ್ತಾರೆ, ಶನಿವಾರ ರಾತ್ರಿಯೊಳಗೆ ತಿಳಿಸಿ. ಇನ್ಶೂರೆನ್ಸ್ ಕಾಗದದ ಎರಡು ಪ್ರತಿ, ಬಿ.ಪಿ. ಮಾತ್ರೆ ಚೀಟಿ ಸಮೇತ ಕೈಚೀಲದಲ್ಲೇ ಇರಲಿ, ಸೂಟ್‌ಕೇಸಿಗೆ ಹಾಕಬೇಡಿ. ಅಮ್ಮ, ಉಪ್ಪಿನಕಾಯಿ ತಂದರೆ ಎಣ್ಣೆ ಸೋರದ ಹಾಗೆ ಪ್ಯಾಕ್ ಮಾಡಿಸು. ಅಜ್ಜಿಗೆ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಪ್ರೀತಿಯ ಮಗಳು